ಲೇಬಲ್ಲು, ಹಾಡಿನ ಪುಸ್ತಕ, ಒಂದು ಕಿರ್ದಿ: ಒಂದು ಮನೆಯ ಸಂಗ್ರಹದ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಮಲೆನಾಡಿನ ಸೆರಗಿನ ಒಂದು ಊರಿನದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ಅಂಗಡಿ, ಜನ ಯಾರ ಹೆಸರನ್ನೂ ಹಾಕಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಸಂಗ್ರಹ ಮಾಡಿದವರನ್ನು ರಾಯರು ಅಂತ ಕರೆಯೋಣ.

ರಾಯರಿಗೆ ಎಂಬತ್ತು ದಾಟಿದೆ. ಜೀವನವೆಲ್ಲ ಒಂದು ದಿನಸಿ ಸಗಟು ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಬೆಂಕಿಪೊಟ್ಟಣದ ಬಂಡಲ್, ಬೀಡಿ ಕಟ್ಟು, ಸೋಪು, ನಶ್ಯ, ಊದುಬತ್ತಿ ಎಲ್ಲ ಅವರ ಕಣ್ಣೆದುರೇ ಇಳಿಯುತ್ತಿತ್ತು. ಹೊಸ ಮಾಲು ಬಂದರೆ ಒಂದು ಲೇಬಲ್ಲು ಎತ್ತಿಡುತ್ತಿದ್ದರು. ಅಂಗಡಿಯ ಪಕ್ಕದ ಓಣಿಯಲ್ಲೇ ಟಾಕೀಸು. ಫಿಲ್ಮ್ ಡಬ್ಬದ ಜೊತೆ ಬರುತ್ತಿದ್ದ ರೆಪ್ರೆಸೆಂಟೇಟಿವ್ ಚಹಾಕ್ಕೆ ಅಂಗಡಿಗೆ ಬಂದು ಕೂರುತ್ತಿದ್ದ. ಅವನ ಕೈಯಿಂದ ಹಾಡಿನ ಪುಸ್ತಕ, ಕರಪತ್ರ ಸಿಗುತ್ತಿತ್ತು. ಹಬ್ಬದ ಹೊತ್ತಿಗೆ ಶಿವಕಾಶಿ ಕ್ಯಾಲೆಂಡರಿನ ಏಜೆಂಟ್ ಸ್ಯಾಂಪಲ್ ಆಲ್ಬಮ್ ಹಿಡಿದು ಬರುತ್ತಿದ್ದ. ಸೇಟು ಒಂದು ದೇವರ ಚಿತ್ರ ಆರಿಸಿ, ಕೆಳಗೆ ಅಂಗಡಿ ಹೆಸರು ಹಾಕಿಸುತ್ತಿದ್ದರು. ಅದರಲ್ಲೂ ರಾಯರದೊಂದು ಪ್ರತಿ.

ಈ ಥರದ ಕಾಗದಕ್ಕೆ ಮನೆಗಳಲ್ಲಿ ಆಯಸ್ಸು ಕಮ್ಮಿ. ಹಾಡಿನ ಪುಸ್ತಕ ಬಾಯಿಪಾಠವಾದ ಮೇಲೆ ಒಲೆಗೆ ಹೋಗುತ್ತದೆ. ಕರಪತ್ರ ಕಡಲೆಬೀಜ ಕಟ್ಟಲು ಹೋಗುತ್ತದೆ. ಕ್ಯಾಲೆಂಡರಿನ ಪಾಡು ಮಾತ್ರ ಬೇರೆ. ದೇವರ ಚಿತ್ರ ಎಸೆಯೋ ಹಾಗಿಲ್ಲ. ವರ್ಷ ಮುಗಿದ ಮೇಲೆ ಚಿತ್ರವನ್ನಷ್ಟೇ ಕತ್ತರಿಸಿ ಕಟ್ಟು ಹಾಕಿಸುತ್ತಾರೆ. ಲಕ್ಷ್ಮಿ ಗೋಡೆ ಮೇಲೆ ಉಳಿಯುತ್ತಾಳೆ. ಅಂಗಡಿ ಹೆಸರು, ವರ್ಷ, ಮುದ್ರಿಸಿದ ಪ್ರೆಸ್ಸು ಕತ್ತರಿ ಪಾಲು. ಹಾಗಾಗಿ ಹಳೇ ಮನೆಗಳಲ್ಲಿ ಕ್ಯಾಲೆಂಡರ್ ಚಿತ್ರಗಳು ಬೇಕಾದಷ್ಟು ಸಿಗುತ್ತವೆ, ಅವು ಯಾವ ವರ್ಷದ್ದು, ಯಾರು ಬರೆದದ್ದು ಅಂತ ಹೇಳೋದು ಕಷ್ಟ. ರಾಯರ ಹತ್ತಿರ ಇದ್ದವು ಕೆಳಗಿನ ತಗಡಿನ ಪಟ್ಟಿಯೂ ಸೇರಿ ಇಡಿಯಾಗಿ ಇದ್ದವು.

ಎರಡು ಟ್ರಂಕು, ಒಂದಷ್ಟು ಆಲ್ಬಮ್ಮು, ಸುರುಳಿ ಸುತ್ತಿದ ಕ್ಯಾಲೆಂಡರುಗಳು. ಇಷ್ಟು ಆಸ್ತಿ.

ಸಮಸ್ಯೆ

ಮನೆಯಲ್ಲಿ ಮೂರು ಅಭಿಪ್ರಾಯ ಇತ್ತು. ಮಗಳಿಗೆ ಅಟ್ಟ ಖಾಲಿಯಾಗಬೇಕಿತ್ತು. ಮಳೆಗಾಲದಲ್ಲಿ ಟ್ರಂಕು ತೆಗೆದರೆ ಬೂಷ್ಟಿನ ವಾಸನೆ ಮನೆಯೆಲ್ಲ ಹರಡುತ್ತಿತ್ತು, ಅವರಿಗೆ ಉಬ್ಬಸ ಬೇರೆ. ಬೆಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುವ ಮೊಮ್ಮಗನಿಗೆ ಇದನ್ನೆಲ್ಲ ನಾಲ್ಕು ಜನಕ್ಕೆ ತೋರಿಸುವ ಆಸೆ. ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಆಗಲೇ ಬಂದು ನೋಡಿ ಹೋಗಿದ್ದರು. ಅವರಿಗೆ ಬೇಕಾದದ್ದು ಸಿನಿಮಾ ಕಾಗದ ಮಾತ್ರ. ಲೇಬಲ್ಲು ರದ್ದಿ ಅಂದಿದ್ದರು.

ರಾಯರನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ನಾನು ಹೋದ ಮೇಲೆ ಏನಾದ್ರೂ ಮಾಡ್ಕೊಳ್ಳಿ. ಈಗ ಮುಟ್ಟೋದಾದ್ರೆ ನನ್ನ ಎದುರಿಗೇ ಮುಟ್ಟಿ.”

ಕಾಗದದ ಸ್ಥಿತಿ ಒಂದೇ ಥರ ಇರಲಿಲ್ಲ. ಟ್ರಂಕಿನಲ್ಲಿ ಇದ್ದದ್ದಕ್ಕೆ ಬೆಳ್ಳಿಹುಳ ಹತ್ತಿತ್ತು. ಹಾಡಿನ ಪುಸ್ತಕಗಳ ಪಿನ್ನು ತುಕ್ಕು ಹಿಡಿದು ನಡುಹಾಳೆ ತೂತಾಗಿತ್ತು. ಹೆಚ್ಚು ಹಾಳಾಗಿದ್ದು ಮಾತ್ರ ಜೋಪಾನ ಮಾಡಿಟ್ಟ ಭಾಗವೇ. ತೊಂಬತ್ತರ ದಶಕದಲ್ಲಿ ಅಳಿಯ ಪ್ರೀತಿಯಿಂದ ಅಂಟುಹಾಳೆಯ ಫೋಟೋ ಆಲ್ಬಮ್ಮುಗಳನ್ನು ತಂದುಕೊಟ್ಟಿದ್ದರು. ಪ್ಲಾಸ್ಟಿಕ್ ಪದರ ಎತ್ತಿ, ಹಾಳೆಯ ಮೇಲೆ ಒತ್ತಿ ಮುಚ್ಚುವಂಥದ್ದು. ಒಳ್ಳೊಳ್ಳೇ ಲೇಬಲ್ಲುಗಳನ್ನೆಲ್ಲ ಅದರೊಳಗೆ ಸೇರಿಸಿದ್ದರು. ವರ್ಷ ಕಳೆದ ಹಾಗೆ ಆ ಅಂಟು ಕಂದು ಗೆರೆಗಳಾಗಿ ಕಾಗದದ ಒಳಗೆ ಇಳಿದಿತ್ತು.

ಮೊದಲು ಮಾಡಿ ನೋಡಿದ್ದು

ನಮ್ಮ ಗುಂಪು ಅಲ್ಲಿಗೆ ಹೋಗುವ ಮುಂಚೆಯೇ ಎರಡು ಪ್ರಯತ್ನ ಆಗಿದ್ದವು. ಎರಡನ್ನೂ ಬಿಡಿಸಿ ಹೇಳಬೇಕು. ಯಾಕಂದ್ರೆ ಬಹುತೇಕ ಮನೆಗಳಲ್ಲಿ ಶುರುವಾಗುವುದೇ ಹೀಗೆ.

ಒಂದು, ನೀರಿನ ಪ್ರಯೋಗ. ಹಳೇ ಬೆಂಕಿಪೊಟ್ಟಣ ತೆಳು ಮರದ ಪಟ್ಟಿಯಿಂದ ಮಾಡಿದ್ದು, ಲೇಬಲ್ಲು ಮೇಲೆ ಅಂಟಿಸಿದ್ದು. ನೆನೆಹಾಕಿದರೆ ಲೇಬಲ್ಲು ತಾನಾಗಿ ಬಿಟ್ಟುಕೊಳ್ಳುತ್ತದೆ. ಲೇಬಲ್ ಸಂಗ್ರಹಕಾರರು ಮೊದಲಿಂದಲೂ ಮಾಡಿಕೊಂಡು ಬಂದದ್ದೇ ಇದು. ಮೊಮ್ಮಗ ಅದೇ ಉಪಾಯವನ್ನು ಆಲ್ಬಮ್ಮಿನ ಲೇಬಲ್ಲುಗಳಿಗೂ ಹಾಕಿದ. ಪ್ಲಾಸ್ಟಿಕ್ ಆಲ್ಬಮ್ಮಿನ ಅಂಟು ನೀರಿಗೆ ಬಗ್ಗಲಿಲ್ಲ. ಕೆಂಪು ಶಾಯಿ ಬಗ್ಗಿತು. ಒಂದು ಹುಲಿಯ ಲೇಬಲ್ಲಿನಲ್ಲಿ ಹಿನ್ನೆಲೆಯ ಕೆಂಪು ಹರಡಿ ಹುಲಿಯ ಪಟ್ಟೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದವು. ಅದೃಷ್ಟಕ್ಕೆ ಅಲ್ಲಿಗೇ ನಿಲ್ಲಿಸಿದ.

ಎರಡನೆಯದು ದೊಡ್ಡದು. ಆಲ್ಬಮ್ಮು ತೆರೆದು, ಪ್ಲಾಸ್ಟಿಕ್ ಮೇಲಿಂದಲೇ ಮೊಬೈಲಿನಲ್ಲಿ ಫೋಟೋ ತೆಗೆದ. ಚೌಕ ಮಾಡಿಕೊಂಡ. ಬಣ್ಣ ಏರಿಸಿದ. ಒಂದು ಆ್ಯಪಿಗೆ ಹಾಕಿ ‘ಹೊಸದರಂತೆ’ ಮಾಡಿಸಿದ. ಇನ್‌ಸ್ಟಾಗ್ರಾಮಿನಲ್ಲಿ ದಿನಕ್ಕೊಂದರಂತೆ ಹಾಕತೊಡಗಿದ. ಜನಕ್ಕೆ ಇಷ್ಟವಾಯಿತು. ಅದರಲ್ಲೂ ಒಂದು ಊದುಬತ್ತಿ ಲೇಬಲ್ಲು ತುಂಬಾ ಓಡಿತು. ಹಸಿರು ಸೀರೆಯ ಹುಡುಗಿ, ಮುಂಗೈ ಮೇಲೆ ಗಿಳಿ, ಹಿಂದೆ ಕಮಾನು.

ಅದೇ ಚಿತ್ರ ಆಮೇಲೆ ಟೀ ಶರ್ಟಿನ ಮೇಲೆ ಬಂತು, ಮಗ್ ಮೇಲೆ ಬಂತು, ಯಾರದೋ ಕೆಫೆಯ ಗೋಡೆ ಮೇಲೂ ಬಂತು. ಎಲ್ಲೂ ಯಾರ ಹೆಸರೂ ಇಲ್ಲ. ಇದಕ್ಕಿಂತ ಬೇಸರದ ವಿಷಯ ಇನ್ನೊಂದಿತ್ತು. ಆ್ಯಪು ಮುಖವನ್ನು ನುಣುಪು ಮಾಡಿದ ಹಾಗೇ ಅಕ್ಷರಗಳನ್ನೂ ಮಾಡಿತ್ತು. ಆ ಯಂತ್ರಕ್ಕೆ ಕನ್ನಡದ ಒತ್ತಕ್ಷರ ಎಲ್ಲಿ ಗೊತ್ತು? ತ್ತ, ದ್ಧ ಎಲ್ಲ ಕರಗಿ ಜಿಲೇಬಿಯಂತಾಗಿದ್ದವು. ಓದಿದವರು ಇದು ಕಂಪ್ಯೂಟರಿನಲ್ಲಿ ಮಾಡಿದ ನಕಲಿ ಅಂತ ಕಮೆಂಟು ಹಾಕತೊಡಗಿದರು. ನಿಜವಾದ ಲೇಬಲ್ಲು ಟ್ರಂಕಿನಲ್ಲಿ ಇದ್ದೂ ಸುಳ್ಳಾಯಿತು.

ಕತ್ತರಿ ಹಿಡಿದು ಕ್ಯಾಲೆಂಡರ್ ಕಟ್ಟು ಹಾಕಿಸುವವರು ಮಾಡುವ ಕೆಲಸವನ್ನೇ ಇಲ್ಲಿ ಚೌಕದ ಫೋಟೋ ಮಾಡಿತ್ತು ಅಂತ ನನಗೆ ಅನ್ನಿಸುತ್ತದೆ. ಆ ಲೇಬಲ್ಲಿನ ಕೆಳಗೆ ಒಂದು ಸಪೂರ ಪಟ್ಟಿ ಇತ್ತು. ಅದರಲ್ಲಿ ಪ್ರೆಸ್ಸಿನ ಹೆಸರು, ಊರು. ಬಲತುದಿಯಲ್ಲಿ ಎರಡು ಅಕ್ಷರ, ‘71’ ಅನ್ನುವ ಅಂಕಿ. ಚೌಕದಲ್ಲಿ ಅದು ಹಿಡಿಸಲಿಲ್ಲ.

ತಿರುವು: ಬೆನ್ನ ಮೇಲಿನ ಅಂಕಿ

ನಾವು ಹೋದಾಗ ಮೊದಲ ತೀರ್ಮಾನ, ಇನ್ನು ಕೆಲವು ದಿನ ಏನನ್ನೂ ಹಾಕುವುದು ಬೇಡ. ಎರಡನೆಯದು, ಲ್ಯಾಮಿನೇಷನ್ ಬೇಡವೇ ಬೇಡ. ಮಗಳು ಅದಕ್ಕಾಗಿ ಅಂಗಡಿ ನೋಡಿಟ್ಟಿದ್ದರು. ಬಿಸಿ ಕೊಟ್ಟು ಪ್ಲಾಸ್ಟಿಕ್ ಮೆತ್ತಿದ ಮೇಲೆ ಆ ಕಾಗದವನ್ನು ಯಾರೂ ಬಿಡಿಸಲಾರರು.

ಆಲ್ಬಮ್ಮಿನಿಂದ ಲೇಬಲ್ಲು ಎತ್ತಲೇಬೇಕೋ, ಹಾಗೇ ಬಿಡಬೇಕೋ ಅನ್ನುವ ಚರ್ಚೆ ನಡೆಯಿತು. ಎತ್ತುವಾಗ ಹರಿದರೆ ಹೋಯಿತು. ಬಿಟ್ಟರೆ ಅಂಟು ನಿಧಾನಕ್ಕೆ ತಿನ್ನುತ್ತದೆ. ನಿರ್ಧಾರವನ್ನು ಒಂದು ಲೇಬಲ್ಲೇ ಮಾಡಿಕೊಟ್ಟಿತು. ಮೂಲೆ ಮೊದಲೇ ಎದ್ದಿದ್ದ ಒಂದು ನಶ್ಯದ ಲೇಬಲ್ಲನ್ನು ಡೆಂಟಲ್ ಫ್ಲಾಸ್ ದಾರದಿಂದ ನಿಧಾನ ಬಿಡಿಸಿದೆವು. ಮೇಣ ಹಚ್ಚದ ದಾರ ಬೇಕು. ಅದನ್ನು ಲೇಬಲ್ಲಿನ ಅಡಿಗೆ ತೂರಿಸಿ, ಗರಗಸದ ಹಾಗೆ ಆಚೀಚೆ ಎಳೆಯುತ್ತಾ ಹೋದರೆ ಅಂಟಿನ ಗೆರೆಗಳು ಒಂದೊಂದಾಗಿ ಕತ್ತರಿಸುತ್ತವೆ. ಕಾಗದವನ್ನು ಎತ್ತಿ ಎಳೆಯಬಾರದು. ಬಿಡಿಸಿ ಮಗುಚಿದರೆ ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ಅಂಕಿ. ಕನ್ನಡ ಅಂಕಿಯಲ್ಲಿ, ಗುಮಾಸ್ತರ ಮುದ್ದಾದ ಬರವಣಿಗೆಯಲ್ಲಿ.

“ಇದೇನು ರಾಯರೇ?” ಅಂದೆ.

“ಕಿರ್ದಿ ನಂಬರು” ಅಂದರು, ಇದೂ ಗೊತ್ತಿಲ್ವಾ ಅನ್ನುವ ಹಾಗೆ. ಮಗಳನ್ನು ಕರೆದು ಹಳೇ ಗೋದ್ರೇಜ್ ಬೀರುವಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತರಿಸಿದರು. ದಿನದ ಲೆಕ್ಕ ಬರೆಯುವ ಅಂಗಡಿಯ ಕಿರ್ದಿಯಂತೆಯೇ ಗೆರೆ ಹಾಕಿದ್ದು. ನಂಬರು, ತಾರೀಖು, ಬಾಬ್ತು, ಯಾರಿಂದ ಬಂತು. 1961ರಿಂದ ಶುರು. ಆಲ್ಬಮ್ಮು ಬಂದ ಮೇಲೆ ನಂಬರುಗಳೆಲ್ಲ ಅಂಟಿನ ಕಡೆಗೆ ಹೋಗಿದ್ದವು. ಮನೆಯವರು ಯಾರೂ ಇದನ್ನು ನೋಡಿರಲಿಲ್ಲ. ಮಗಳು ಅದು ಪಾಲಿನ ಲೆಕ್ಕ ಅಂದುಕೊಂಡಿದ್ದರಂತೆ.

ಇಲ್ಲಿಂದ ಪ್ರಕರಣದ ದಾರಿಯೇ ಬೇರೆಯಾಯಿತು. ಚೆಂದದ ಚಿತ್ರಗಳ ಗುಡ್ಡೆ ಆಗಿದ್ದದ್ದು ಒಂದು ಊರಿನ ಮಾರುಕಟ್ಟೆಯ ದಾಖಲೆ ಆಯಿತು. ಯಾವ ಬೆಂಕಿಪೊಟ್ಟಣ ಯಾವ ತಿಂಗಳಲ್ಲಿ ಊರಿಗೆ ಬಂತು, ಯಾವ ಏಜೆಂಟ್ ತಂದ, ಯಾವ ಬೀಡಿ ಎಷ್ಟು ದಿನ ಓಡಿತು ಅಂತ ಹೇಳಬಹುದು. ಒಂದು ಹುಲಿ ಗುರುತಿನ ಮಾಲು ಬಂದು ಆರು ತಿಂಗಳಿಗೆ ಎರಡು ಹುಲಿಯದ್ದು ಬಂದದ್ದೂ ಅದರಲ್ಲಿದೆ. ಓದಲು ಬಾರದ ಗಿರಾಕಿ ಚಿತ್ರ ನೋಡಿಯೇ ಕೇಳುತ್ತಿದ್ದ ಕಾಲ. ಅದಕ್ಕೇ ಬೀಡಿ ಲೇಬಲ್ಲಿನಲ್ಲಿ ಮಾಲೀಕರ ಫೋಟೋ, ನಕಲಿಗೆ ಮೋಸಹೋಗಬೇಡಿ ಅನ್ನುವ ಎಚ್ಚರಿಕೆ.

ಹಾಗಾದರೆ ಎಲ್ಲವನ್ನೂ ಎತ್ತಬೇಕು, ಎಲ್ಲದರ ಬೆನ್ನನ್ನೂ ಸ್ಕ್ಯಾನ್ ಮಾಡಬೇಕು. ಕೆಲಸ ಇಮ್ಮಡಿಯಾಯಿತು. ಮೊಮ್ಮಗ ಮುಖ ಸಣ್ಣದು ಮಾಡಿಕೊಂಡ. ಆದರೂ ಒಪ್ಪಿದ.

ಕೆಲಸದ ಕ್ರಮ

ಮೊದಲು ಹುಳ. ಬೆಳ್ಳಿಹುಳಕ್ಕೆ ಮೈದಾ ಅಂಟು ಅಂದ್ರೆ ಪ್ರಾಣ. ಟ್ರಂಕಿನಲ್ಲಿ ಮೊದಲೇ ನುಸಿಗುಳಿಗೆ ಸುರಿದಿದ್ದರು, ಅದರಿಂದ ಮಗಳ ಉಬ್ಬಸ ಇನ್ನೂ ಜಾಸ್ತಿಯಾಗಿತ್ತು. ಅದನ್ನೆಲ್ಲ ತೆಗೆಸಿದೆವು. ಕಾಗದಗಳನ್ನು ಸಣ್ಣ ಕಂತೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಪರಿಚಯದವರ ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರದ ಮೇಲೆ ಇಟ್ಟೆವು. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಬೇಕು. ತಣ್ಣಗಿರುವಾಗಲೇ ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ.

ಸ್ಕ್ಯಾನಿಂಗ್ ಬಗ್ಗೆ ಎರಡು ಮಾತು ಹೇಳಿದರೆ ಸಾಕು. ಬೆಂಕಿಪೊಟ್ಟಣದ ಲೇಬಲ್ಲು ಸುಮಾರು 5 ಸೆಂಟಿಮೀಟರ್ ಅಗಲ. 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕಿಯಂತೆ ಹಿಡಿದರೆ 1,200 ಪಿಕ್ಸೆಲ್ ಕೂಡ ಬರುವುದಿಲ್ಲ. ಅದಕ್ಕೆ ಲೇಬಲ್ಲುಗಳಿಗೆ 1,200, ಹಾಡಿನ ಪುಸ್ತಕಗಳಿಗೆ 600 ಇಟ್ಟುಕೊಂಡೆವು. ಮೂಲ ಪ್ರತಿ ವಿವರ ಕಳೆಯದ ಟಿಫ್ ಕಡತ, ಹಂಚಲು ಹಗುರವಾದ ಜೆಪೆಗ್. ಕರಪತ್ರದ ಕಾಗದ ಎಷ್ಟು ತೆಳು ಅಂದ್ರೆ ಹಿಂದಿನ ಅಚ್ಚು ಮುಂದೆ ಕಾಣುತ್ತದೆ. ಹಿಂದೆ ಕಪ್ಪು ಹಾಳೆ ಇಟ್ಟರೆ ಅದು ಮಾಯ. ನಾಲ್ಕೂ ಅಂಚಿನಾಚೆ ಒಂದಿಷ್ಟು ಜಾಗ ಬಿಟ್ಟೇ ಹಿಡಿಯಬೇಕು ಅನ್ನುವುದು ನಿಯಮ. ಕಡತದ ಹೆಸರು ಕಿರ್ದಿ ನಂಬರೇ.

ಒಂದು ಲೇಬಲ್ಲನ್ನು ಭೂತಗನ್ನಡಿಯಲ್ಲಿ ನೋಡುವುದು ಬೇರೆಯದೇ ಸುಖ. ಆಫ್‌ಸೆಟ್ಟಿನ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ, ಲೆಕ್ಕ ಹಾಕಿ ಇಟ್ಟ ಹಾಗೆ ಇರುತ್ತವೆ. ಕಲ್ಲಚ್ಚಿನದ್ದಾದರೆ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ್ದಾದರೆ, ಚುಕ್ಕಿ ಕೈಯಿಂದ ಇಟ್ಟದ್ದು, ಒಂದು ದಪ್ಪ, ಒಂದು ಸಣ್ಣ. ಅಗ್ಗದ ಲೇಬಲ್ಲಿನಲ್ಲಿ ಬಣ್ಣದ ಅಚ್ಚು ಸರಿದು ಕೂತು, ತುಟಿಯ ಕೆಂಪು ಕೆನ್ನೆಗೆ ಬಂದಿರುತ್ತದೆ. ಆ್ಯಪು ಅಳಿಸಿ ಹಾಕಿದ್ದು ಇದನ್ನೇ.

ಕಾಲ ಹೇಳುವ ಗುರುತುಗಳು

ಕಿರ್ದಿ ಇದ್ದರೂ 1961ಕ್ಕಿಂತ ಹಿಂದಿನವಕ್ಕೆ, ನಂಬರು ಅಳಿಸಿದವಕ್ಕೆ ಬೇರೆ ಸಾಕ್ಷಿ ಬೇಕಿತ್ತು. ಅದು ಸಿಗುವುದು ಮತ್ತೆ ಅಂಚಿನಲ್ಲೇ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಅಚ್ಚಾದ ಪುಸ್ತಕ, ಪತ್ರಿಕೆಗಳಲ್ಲಿ ಮುದ್ರಕರ ಹೆಸರು, ಸ್ಥಳ ಇರಲೇಬೇಕಿತ್ತು. ಅದಕ್ಕೇ ಎಂಟು ಪುಟದ ಹಾಡಿನ ಪುಸ್ತಕದ ಕೊನೆಯಲ್ಲೂ ಪ್ರೆಸ್ಸಿನ ಸಾಲು ಇರುತ್ತದೆ. ಎಷ್ಟೋ ಕನ್ನಡ ಚಿತ್ರಗಳು ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಕಾಲ, ಪ್ರೆಸ್ಸೂ ಎಷ್ಟೋ ಸಲ ಮದ್ರಾಸಿನದೇ.

ಬೆಲೆ ಇನ್ನೊಂದು ಸಾಕ್ಷಿ. ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ನಯೇ ಪೈಸೆ ಅಂತಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಆಮೇಲಿನದು. ಬರೀ ‘ಬೆಂಗಳೂರು-2’ ಅಂತಿದ್ದರೆ ಬಹುಶಃ ಅದಕ್ಕೂ ಮುಂಚಿನದು. ಮೈಸೂರು ರಾಜ್ಯ ಅಂತ ಇದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚೆ. ತೊಲ, ಸೇರು ಕಂಡರೆ ಮೆಟ್ರಿಕ್ ಬರುವ ಮುಂಚಿನ ಕಾಲ. ಒಂದೇ ಗುರುತನ್ನು ನಂಬಬಾರದು. ಹಳೇ ಬ್ಲಾಕನ್ನೇ ವರ್ಷಗಟ್ಟಲೆ ಬಳಸುವ ಪ್ರೆಸ್ಸುಗಳು ಇದ್ದವು.

ಇದರಿಂದ ರಾಯರ ಜೊತೆ ಒಂದು ಸಣ್ಣ ಜಗಳವೂ ಆಯಿತು. 1954ರ ಒಂದು ಪೌರಾಣಿಕ ಚಿತ್ರದ ಹಾಡಿನ ಪುಸ್ತಕ. ಚಿತ್ರ ಬಿಡುಗಡೆಯಾದ ವರ್ಷವೇ ಅಪ್ಪನ ಜೊತೆ ಹೋಗಿ ನೋಡಿ, ಕೊಂಡದ್ದು ಅಂತ ಅವರ ವಾದ. ಕಥಾಸಾರಾಂಶ ಅರ್ಧಕ್ಕೆ ನಿಂತು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅನ್ನುವ ಸಾಲಿತ್ತು. ಅದನ್ನು ಓದಿ ಅಪ್ಪನನ್ನು ಎರಡನೇ ಸಲ ಪೀಡಿಸಿದ್ದರಂತೆ. ಆದರೆ ಹಿಂಬದಿಯಲ್ಲಿ ಬೆಲೆ ನಯೇ ಪೈಸೆಯಲ್ಲಿದೆ. ಚಿತ್ರ ಮರುಬಿಡುಗಡೆಯಾದಾಗ ಹಾಡಿನ ಪುಸ್ತಕವನ್ನೂ ಮತ್ತೆ ಅಚ್ಚು ಹಾಕಿಸುತ್ತಿದ್ದರು. ಮೊಮ್ಮಗ ತೋರಿಸಿದ: “ಅಜ್ಜ, ಇಲ್ಲಿ ನೋಡು.” ರಾಯರು ಕನ್ನಡಕ ಏರಿಸಿ ನೋಡಿದರು. “ಹಾಗಾದ್ರೆ ಎರಡನೇ ಸಲದ್ದು ಇರ್ಬೇಕು ಮಾರಾಯ. ಮೊದಲನೇದು ಎಲ್ಲಿ ಹೋಯ್ತೋ” ಅಂದರು. ಕೊನೆಗೆ ಎರಡನ್ನೂ ಬರೆದುಕೊಂಡೆವು, ಅವರ ನೆನಪು ಒಂದು ಕಡೆ, ಅಚ್ಚಿನ ಸಾಕ್ಷಿ ಇನ್ನೊಂದು ಕಡೆ. ಒಂದಕ್ಕಾಗಿ ಇನ್ನೊಂದನ್ನು ಅಳಿಸಲಿಲ್ಲ.

ಹಕ್ಕಿನ ಲೆಕ್ಕ

ಕಾಗದ ನಮ್ಮದು, ಹಾಗಾಗಿ ಚಿತ್ರವೂ ನಮ್ಮದೇ ಅಂತ ಮೊಮ್ಮಗ ತಿಳಿದಿದ್ದ. ಬಹಳ ಜನ ಹಾಗೇ ತಿಳಿದಿದ್ದಾರೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬರೆದವರ ಹೆಸರೇ ಗೊತ್ತಿಲ್ಲದ ಚಿತ್ರಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60.

ಇದನ್ನಿಟ್ಟುಕೊಂಡು ಸಂಗ್ರಹವನ್ನು ಮೂರು ಪಾಲು ಮಾಡಿದೆವು. ರವಿವರ್ಮ 1906ರಲ್ಲಿ ತೀರಿಕೊಂಡವರು, ಅವರ ಚಿತ್ರಗಳ ಹಳೇ ಅಚ್ಚು ಮುಕ್ತ. ಆದರೆ ಅವರ ಪ್ರೆಸ್ಸಿನಿಂದ ಬಂದದ್ದೆಲ್ಲ ಅವರೇ ಬರೆದದ್ದಲ್ಲ, ಆ ಪ್ರೆಸ್ಸು ಬೇರೆಯವರ ಕೈಗೆ ಹೋದ ಮೇಲೂ ಬಹಳ ಕಾಲ ನಡೆಯಿತು. ಅದನ್ನು ನೋಡಿ ವಿಂಗಡಿಸಬೇಕು. ಹೆಸರಿಲ್ಲದ, ಅರವತ್ತು ವರ್ಷ ದಾಟಿದ ಲೇಬಲ್ಲುಗಳೂ ಇದೇ ಪಾಲಿಗೆ. ಎರಡನೇ ಪಾಲು ಹೆಸರು ಗೊತ್ತಿರುವ ಕಲಾವಿದರದು. ಕಲಬುರಗಿಯ ಎಸ್.ಎಂ. ಪಂಡಿತರು ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದು ಹೆಸರು ಮಾಡಿದವರು. ತೀರಿಕೊಂಡದ್ದು 1993. ಅಂದರೆ 2053ರ ಕೊನೆಯವರೆಗೆ ಹಕ್ಕು ಇದೆ. ಕೋವಿಲ್‌ಪಟ್ಟಿಯ ಕೊಂಡಯ್ಯ ರಾಜು 1976ರಲ್ಲಿ ಹೋದವರು, 2036ರವರೆಗೆ. ಮೂರನೇ ಪಾಲು ಏನೂ ಗೊತ್ತಿಲ್ಲದ್ದು. ಇದೇ ದೊಡ್ಡದು. ಕೃತಿಸ್ವಾಮ್ಯ ಮುಗಿದರೂ ವ್ಯಾಪಾರದ ಗುರುತಿನ ಹಕ್ಕು ಬೇರೆ ಇರುತ್ತದೆ. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯಿಲ್ಲ. ಈಗಲೂ ಮಾರಾಟದಲ್ಲಿರುವ ಬೀಡಿ, ಬೆಂಕಿಪೊಟ್ಟಣದ ಗುರುತನ್ನು ಟೀ ಶರ್ಟಿಗೆ ಹಾಕುವ ಮುಂಚೆ ಇದನ್ನು ಯೋಚಿಸಬೇಕು.

ಮೊದಲ ಪಾಲು ಮಾತ್ರ ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ತಾಣ ವಿಕಿಮೀಡಿಯ ಕಾಮನ್ಸಿಗೆ ಹೋಗಬಹುದು, ಅದೂ ಅಲ್ಲಿನ ನಿಯಮ ಒಂದೊಂದಾಗಿ ನೋಡಿಕೊಂಡು. ಎರಡನೆಯದು ಸಣ್ಣ ಗಾತ್ರದಲ್ಲಿ, ಹೆಸರಿನ ಜೊತೆ, ಟಿಪ್ಪಣಿಗೆ ಬೇಕಾದಷ್ಟೇ. ಮೂರನೆಯದನ್ನು ‘ಬಲ್ಲವರು ತಿಳಿಸಿ’ ಅಂತ ಅಂಚು ಸಮೇತ ಹಾಕುವುದು. ಇದು ನಮ್ಮ ತೀರ್ಮಾನ. ವಕೀಲರು ಇನ್ನೂ ಬಿಗಿಯಾಗಿ ಹೇಳಬಹುದು.

ಗಿಳಿ ಹುಡುಗಿ ಮತ್ತೆ ಬಂದಾಗ

ಊದುಬತ್ತಿ ಲೇಬಲ್ಲನ್ನು ಈ ಸಲ ಇಡಿಯಾಗಿ ಹಾಕಿದೆವು. ಮುಂದೆ, ಹಿಂದೆ, ಕೆಳಗಿನ ಪಟ್ಟಿ ಬೇರೆಯಾಗಿ ದೊಡ್ಡದು ಮಾಡಿ. ಕಿರ್ದಿಯಲ್ಲಿದ್ದ ಸಾಲೂ ಜೊತೆಗೆ. ಮೊದಲಿನಷ್ಟು ಜನ ನೋಡಲಿಲ್ಲ. ಲೈಕುಗಳು ನೆಲ ಕಚ್ಚಿದವು. ಮೊಮ್ಮಗನಿಗೆ ಸ್ವಲ್ಪ ಬೇಜಾರಾಗಿತ್ತು, ಸಹಜವೇ ಅಲ್ವಾ.

ಆದರೆ ಬೇರೊಂದು ಊರಿನಿಂದ ಒಂದು ಪತ್ರ ಬಂತು. ಬರೆದವರು ಐವತ್ತರ ಮೇಲಿನ ಹೆಂಗಸು. ಆ ಎರಡು ಅಕ್ಷರ ತಮ್ಮ ತಂದೆಯದು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿದ್ದರು, ಸಂಜೆ ಹೊತ್ತು ಪ್ರೆಸ್ಸಿಗೆ ಲೇಬಲ್ಲು ಬರೆದುಕೊಡುತ್ತಿದ್ದರು. ತೊಂಬತ್ತರ ದಶಕದಲ್ಲಿ ತೀರಿಕೊಂಡರು. ಪತ್ರದಲ್ಲಿ ಸಂತೋಷಕ್ಕಿಂತ ಸಿಟ್ಟು ಜಾಸ್ತಿ ಇತ್ತು. ಸಂಬಂಧಿಕರ ಮನೆಯಲ್ಲಿ ಕಾಫಿ ಕೊಟ್ಟ ಮಗ್ ಮೇಲೆ ತಂದೆಯ ಚಿತ್ರ ನೋಡಿದ್ದರು, ಅಕ್ಷರಗಳು ವಿಕಾರವಾಗಿದ್ದವು. “ಅಪ್ಪ ಅಕ್ಷರ ಬರೆಯೋದಕ್ಕೇ ಹೆಸರಾದವರು. ಅವರ ಚಿತ್ರದ ಕೆಳಗೆ ಇಂಥಾ ಅಕ್ಷರ ಹಾಕಿದ್ದೀರಲ್ಲ” ಅಂತ ಕೇಳಿದ್ದರು.

ಇದು ಎರಡನೇ ತಿರುವು. ಮೊಮ್ಮಗನಿಗೆ ಮೊದಲು ಅನ್ನಿಸಿದ್ದು ಮಗ್ ಮಾಡಿದ್ದು ತಾನಲ್ಲ ಅಂತ ಉತ್ತರ ಬರೆಯಬೇಕು ಅಂತ. ಅದು ನಿಜವೂ ಹೌದು. ಆದರೆ ರಾಯರ ಮಗಳು ತಡೆದು, “ಪತ್ರ ಬೇಡ, ಹೋಗಿ ಬಾ, ಜೊತೆಗೆ ಲೇಬಲ್ಲೂ ತಗೊಂಡು ಹೋಗು” ಅಂದರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಆಗಿಲ್ಲ. ಅಟ್ಟ ಖಾಲಿಯಾಗಲಿ ಅಂದಿದ್ದವರೂ ಅವರೇ.

ಹೋದ ಮನೆಯಲ್ಲಿ ಮೇಷ್ಟ್ರ ಮೂಲ ಚಿತ್ರ ಸಿಕ್ಕಿತು. ರಟ್ಟಿನ ಮೇಲೆ ಪೋಸ್ಟರ್ ಬಣ್ಣದಲ್ಲಿ ಬರೆದದ್ದು, ಲೇಬಲ್ಲಿಗಿಂತ ನಾಲ್ಕು ಪಟ್ಟು ದೊಡ್ಡದು. ಮೇಲೊಂದು ಟ್ರೇಸಿಂಗ್ ಹಾಳೆ. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಪ್ರೆಸ್ಸಿನವರಿಗೆ ಸೂಚನೆ: ಸೀರೆಗೆ ಹಸಿರು ಬೇರೆ ಬೇಡ, ನೀಲಿ ಮೇಲೆ ಹಳದಿ ಹಾಕಿ. ಒಂದು ಬಣ್ಣದ ಖರ್ಚು ಉಳಿಸುವ ಜಾಣತನ. ಲೇಬಲ್ಲನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸೆರಗಿನ ತುದಿಯಲ್ಲಿ ಹಳದಿ ಚೂರು ಸರಿದು, ಒಂದು ಕಡೆ ನೀಲಿ ಗೆರೆ ಇಣುಕುತ್ತಿತ್ತು. ಕಾರಣ ಆಗ ಗೊತ್ತಾಯಿತು.

ಹಕ್ಕಿನ ಲೆಕ್ಕವೂ ಅಲ್ಲಿಗೆ ಬದಲಾಯಿತು. ಹೆಸರಿಲ್ಲದ 1971ರ ಲೇಬಲ್ಲು ಅಂತ ಇದ್ದರೆ 2031ರ ಕೊನೆಗೆ ಮುಕ್ತ. ಅವಧಿ ಮುಗಿಯುವ ಮುಂಚೆ ಬರೆದವರು ಯಾರು ಅಂತ ಬಹಿರಂಗವಾದರೆ ಅವರು ತೀರಿಕೊಂಡ ವರ್ಷದಿಂದ ಲೆಕ್ಕ. ಅಂದರೆ 2050ರ ದಶಕ. ದುಡ್ಡು ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ ಆಗಬಹುದು. ಇಲ್ಲಿ ಪ್ರೆಸ್ಸೂ ಮುಚ್ಚಿದೆ, ಊದುಬತ್ತಿ ಕಂಪನಿಯೂ ಮುಚ್ಚಿದೆ. ಹಕ್ಕು ಯಾರದ್ದಾದರೂ ಇರಲಿ, ಇದು ನಾನು ಬರೆದದ್ದು ಅಂತ ಹೇಳಿಕೊಳ್ಳುವ ಹಕ್ಕು, ವಿಕಾರ ಮಾಡಬೇಡಿ ಅನ್ನುವ ಹಕ್ಕು ಕಲಾವಿದನಲ್ಲೇ ಉಳಿಯುತ್ತದೆ. ಕಾಯಿದೆಯ 57ನೇ ಕಲಂ ಅದು. ಮೇಷ್ಟ್ರ ಮಗಳು ಕಾಯಿದೆ ಓದಿದವರಲ್ಲ, ಕೇಳಿದ್ದು ಮಾತ್ರ ಸರಿಯಾಗಿ ಅದನ್ನೇ.

ಕೊನೆಗೆ ಒಂದು ಪುಟದ ಒಪ್ಪಂದ ಆಯಿತು. ಅಧ್ಯಯನಕ್ಕೆ, ಪ್ರದರ್ಶನಕ್ಕೆ ಹೆಸರಿನ ಜೊತೆ ಹಾಕಬಹುದು. ಮಾರುವ ಸಾಮಾನಿಗೆ ಬಳಸಬೇಕಾದರೆ ಅವರನ್ನು ಕೇಳಬೇಕು. ಹಳೇ ಚೌಕದ ಚಿತ್ರಗಳನ್ನು ಮೊಮ್ಮಗ ತೆಗೆದುಹಾಕಿದ. ಮಗ್ಗುಗಳು ಇನ್ನೂ ಮಾರಾಟದಲ್ಲಿವೆ. ಒಂದಿಬ್ಬರು ಮಾರಾಟಗಾರರು ಕೇಳಿದ ಮೇಲೆ ನಿಲ್ಲಿಸಿದರು, ಉಳಿದವರು ಉತ್ತರವನ್ನೇ ಕೊಡಲಿಲ್ಲ. ಒಮ್ಮೆ ಹರಡಿದ್ದನ್ನು ಪೂರ್ತಿ ವಾಪಸು ತರಲು ಆಗಲಿಲ್ಲ. ಇದೇ ಪ್ರಕರಣದ ಸೋಲು.

ಕಲಿತದ್ದು

ಇಂಥದ್ದೇ ಕೆಲಸಕ್ಕೆ ಇಳಿಯುವವರು ಮೊದಲು ಸ್ಕ್ಯಾನರ್ ಕೊಳ್ಳಲು ಹೋಗಬೇಡಿ. ಸಂಗ್ರಹ ಮಾಡಿದವರು ಬದುಕಿದ್ದರೆ ಅವರ ಪಕ್ಕ ಕೂತು, ಹೇಗೆ ಜೋಡಿಸಿಟ್ಟಿದ್ದರು, ಏನು ಬರೆದಿಟ್ಟಿದ್ದರು ಕೇಳಿ. ಈ ಮನೆಯಲ್ಲಿ ಅಷ್ಟು ವರ್ಷ ಕಿರ್ದಿ ಬೀರುವಿನಲ್ಲೇ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ರಾಯರಿಗೂ ಹೇಳಬೇಕು ಅನ್ನಿಸಿರಲಿಲ್ಲ. ಅವರ ಪಾಲಿಗೆ ಅದು ಹೇಳುವಂಥ ಸಂಗತಿಯೇ ಆಗಿರಲಿಲ್ಲ.

ಯಾವ ಕಾಗದಕ್ಕೂ ನೀರು ತಾಗಿಸುವ ಮುಂಚೆ ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡಿ, ಬಣ್ಣ ಹತ್ತಿಗೆ ಬಂದರೆ ಅಲ್ಲೇ ಬಿಟ್ಟುಬಿಡಿ. ಚಿತ್ರ ಸರಿಪಡಿಸುವ ಆಸೆ ಇದ್ದರೆ ಪ್ರತಿಯಲ್ಲಿ ಮಾಡಿ, ಸರಿಪಡಿಸಿದ್ದು ಅಂತ ಬರೆದು ಹಾಕಿ. ಮೇಲೆ ದೊಡ್ಡ ವಾಟರ್‌ಮಾರ್ಕ್ ಹಾಕುವ ಸಲಹೆಯೂ ಬಂದಿತ್ತು. ನಾವು ಒಪ್ಪಲಿಲ್ಲ. ಕಳ್ಳರು ಅದನ್ನು ಅಳಿಸಿಕೊಳ್ಳುತ್ತಾರೆ, ಸಹಿ ಹುಡುಕುವವರಿಗೆ ಮಾತ್ರ ಅಡ್ಡ. ಹಂಚುವುದು ಸಣ್ಣ ಗಾತ್ರದಲ್ಲಿರಲಿ, ಅಂಚು ಮಾತ್ರ ಓದುವಂತಿರಲಿ.

ಎಷ್ಟು ಜನ ನೋಡಿದರು ಅನ್ನುವ ಲೆಕ್ಕದ ಬಗ್ಗೆ ನನ್ನ ಅಭಿಪ್ರಾಯ ಮೊಮ್ಮಗನಿಗಿಂತ ಬೇರೆ. ಅವನು ಈಗಲೂ ವಾರಕ್ಕೊಂದು ಚೆಂದದ ಚೌಕ ಇರಲಿ, ಪೂರ್ತಿ ಲೇಬಲ್ಲು ಅದರ ಹಿಂದೆ ಇರಲಿ ಅನ್ನುತ್ತಾನೆ. ಹಾಗೇ ಮಾಡುತ್ತಿದ್ದಾನೆ. ಅದೂ ಒಂದು ದಾರಿಯೇ. ಜನ ಮುಂದಿನದನ್ನು ನೋಡಿ ಹಿಂದಿನದಕ್ಕೆ ಬಂದರೆ ನನ್ನ ತಕರಾರಿಲ್ಲ.

ಗುಲಾಬಿ, ಹಳದಿ ಕರಪತ್ರಗಳಲ್ಲಿ ಅರ್ಧದಷ್ಟನ್ನು ಉಳಿಸಲಾಗಲಿಲ್ಲ. ಮಡಿಕೆಯಲ್ಲೇ ಪುಡಿಯಾದವು. ಕ್ಯಾಲೆಂಡರುಗಳು ಸ್ಕ್ಯಾನರಿಗೆ ದೊಡ್ಡದು, ಅವನ್ನು ಫೋಟೋ ತೆಗೆಯುವ ಕೆಲಸ ಬಾಕಿ ಇದೆ.

ವ್ಯಾಪಾರಿ ಈ ನಡುವೆ ಮತ್ತೆ ಬಂದರು. ಈ ಸಲ ಲೇಬಲ್ಲುಗಳನ್ನೂ ರದ್ದಿ ಅನ್ನಲಿಲ್ಲ. ಎಲ್ಲ ಸೇರಿಸಿ ಮೊದಲಿಗಿಂತ ಒಳ್ಳೆಯ ಮೊತ್ತ ಹೇಳಿದರು, ಜೊತೆಗೆ ಕಿರ್ದಿಯೂ ಬೇಕು ಅಂದರು. ರಾಯರು ಮಗಳ ಮುಖ ನೋಡಿದರು. “ಕಿರ್ದಿ ಕೊಡೋದಿಲ್ಲ, ಅದರ ಜೊತೆಗಿರೋದನ್ನೂ ಕೊಡೋದಿಲ್ಲ. ಎರಡೆರಡು ಇರೋದು ಬೇಕಿದ್ರೆ ನೋಡಿ” ಅಂದರು ಮಗಳು. ಎರಡೆರಡು ಇದ್ದ ಬೆಂಕಿಪೊಟ್ಟಣದ ಲೇಬಲ್ಲು, ಕೆಲವು ಹಾಡಿನ ಪುಸ್ತಕ ಮಾರಾಟವಾದವು. ಆ ದುಡ್ಡಿನಲ್ಲಿ ಆಮ್ಲವಿಲ್ಲದ ಕಾಗದ, ರಟ್ಟಿನ ಪೆಟ್ಟಿಗೆ ಬಂತು. ಕೊಟ್ಟ ಪ್ರತಿಯೊಂದರ ನಂಬರಿನ ಎದುರಿಗೂ ರಾಯರು ಕಿರ್ದಿಯಲ್ಲಿ ‘ಖರ್ಚು’ ಅಂತ ಬರೆದು, ತಾರೀಖು ಹಾಕಿದ್ದಾರೆ.